ಹಂತ ದರದ ಸರಾಸರಿ ಲೆಕ್ಕ: ನಾಲ್ಕು ದಾರಿ, ಯಾವುದು ಬೇಗ?

ಮೊದಲ 20 ವಸ್ತುಗಳಿಗೆ ತಲಾ 10. ಅದರ ಮೇಲಿನ ಪ್ರತಿ ವಸ್ತುವಿಗೆ 7. ಸರಾಸರಿ ಬೆಲೆ 8 ಬಿದ್ದರೆ ಕೊಂಡದ್ದು ಒಟ್ಟು ಎಷ್ಟು?

ಪರೀಕ್ಷೆಗಳಲ್ಲಿ ಈ ಲೆಕ್ಕ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಪುಸ್ತಕ, ಒಮ್ಮೆ ಫೋನ್ ಕರೆ, ಇನ್ನೊಮ್ಮೆ ಪ್ರಿಂಟ್ ಹಾಕಿಸುವ ಪುಟಗಳು. ಬಿಡಿಸಲು ನನಗೆ ಗೊತ್ತಿರುವ ದಾರಿ ನಾಲ್ಕು. ಟೈಮರ್ ಇಟ್ಟುಕೊಂಡು ನಾಲ್ಕನ್ನೂ ಪ್ರಯೋಗ ಮಾಡಿ ನೋಡಿದೆ.

ಮೊದಲನೆಯದು ಎಲ್ಲರೂ ಕಲಿಯುವ ಸಮೀಕರಣ. ಒಟ್ಟು ಸಂಖ್ಯೆ ಎನ್ ಅಂತಿಟ್ಟುಕೊಂಡರೆ, 200ಕ್ಕೆ 7 ಸಲ (ಎನ್ − 20) ಕೂಡಿಸಬೇಕು, ಅದು 8 ಸಲ ಎನ್‌ಗೆ ಸಮ. ಬಿಡಿಸಿದರೆ ಎನ್ = 60. ನಂಬಿಕಸ್ಥ ದಾರಿ, ಆದರೆ ಬರೆಯುವುದು ಜಾಸ್ತಿ. ಆ 20ನ್ನು ಕಳೆಯಲು ಮರೆತರೆ ಮುಗಿಯಿತು.

ಎರಡನೆಯದು ಉತ್ತರದ ಆಯ್ಕೆಗಳನ್ನೇ ಹಾಕಿ ನೋಡುವುದು. ದರ ಇಳಿಯುತ್ತಾ ಹೋಗುವ ಲೆಕ್ಕದಲ್ಲಿ ಮೊದಲ ಹಂತ ದಾಟಿದ ಮೇಲೆ ಸರಾಸರಿಯೂ ಇಳಿಯುತ್ತಲೇ ಹೋಗುತ್ತದೆ. ಹಾಗಾಗಿ ನಡುವಿನ ಆಯ್ಕೆ ಹಾಕಿದರೆ ಸಾಕು, ಮೇಲೆ ಹೋಗಬೇಕಾ ಕೆಳಗೆ ಬರಬೇಕಾ ಅಂತ ತಿಳಿಯುತ್ತದೆ. ಆಯ್ಕೆಗಳಲ್ಲಿ 40 ಇದ್ದರೆ ಹುಷಾರು. 10 ಮತ್ತು 7ರ ನಡುವಿನ 8.5 ಸರಾಸರಿ ಬರುವುದು ಎರಡೂ ಹಂತದಲ್ಲಿ ತಲಾ 20 ಕೊಂಡಾಗ ಮಾತ್ರ. ಎರಡು ದರ ಕೂಡಿಸಿ ಅರ್ಧ ಮಾಡುವವರಿಗೆಂದೇ ಆ ಸಂಖ್ಯೆ ಅಲ್ಲಿ ಕೂತಿರುತ್ತದೆ. ಈ ದಾರಿಯ ದೊಡ್ಡ ಕೊರತೆ ಏನೆಂದರೆ ಆಯ್ಕೆಗಳೇ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ಜಿಆರ್‌ಇಯಲ್ಲಿ ಉತ್ತರವನ್ನು ನಾವೇ ಟೈಪ್ ಮಾಡುವ ಪ್ರಶ್ನೆಗಳೂ ಬರುತ್ತವೆ.

ಮೂರನೆಯದು ಅಲಿಗೇಶನ್, ಅಂದರೆ ಸರಾಸರಿಯಿಂದ ಎರಡು ದರಗಳಿಗಿರುವ ಅಂತರ ನೋಡಿ ಅನುಪಾತ ಹಿಡಿಯುವ ದಾರಿ. 10 ಮತ್ತು 7ರ ನಡುವೆ 8. ಅಂತರ 2 ಮತ್ತು 1. ಅದನ್ನು ಅಡ್ಡಡ್ಡ ಬರೆದರೆ ದುಬಾರಿ ವಸ್ತುಗಳಿಗೂ ಅಗ್ಗದ ವಸ್ತುಗಳಿಗೂ ಅನುಪಾತ 1:2. ದುಬಾರಿಯವು 20, ಅಗ್ಗದವು 40, ಒಟ್ಟು 60. ಎರಡೇ ಹಂತ ಇದ್ದರೆ ಇದಕ್ಕೆ ಸಾಟಿ ಇಲ್ಲ. ಒಟ್ಟು 60 ಅಂತ ಕೊಟ್ಟು ‘ಮೊದಲ ಹಂತ ಎಷ್ಟರ ತನಕ?’ ಅಂತ ಕೇಳಿದರೂ ಅದೇ ಅನುಪಾತ ಕೆಲಸ ಮಾಡುತ್ತದೆ. ಮೂರು ಹಂತ ಬಂದರೆ ಮಾತ್ರ ಮೊದಲೆರಡನ್ನು ಒಂದು ಮಾಡಿಕೊಂಡು ಮುಂದೆ ಹೋಗಬೇಕು, ಅಲ್ಲಿ ವೇಗ ಕುಸಿಯುತ್ತದೆ.

ನಾಲ್ಕನೆಯದೇ ನನಗೆ ಹಿಡಿಸಿದ್ದು. ಇದನ್ನು ನಾನು ಹೆಚ್ಚುವರಿ ದಾರಿ ಅಂತ ಕರೆಯುತ್ತೇನೆ. ಕೊನೆಯ ಹಂತದ ದರವನ್ನೇ ತಳ ಅಂತ ಇಟ್ಟುಕೊಳ್ಳಿ. ಎಲ್ಲವೂ 7ಕ್ಕೇ ಸಿಕ್ಕಿತು, ಮೊದಲ 20ಕ್ಕೆ ಮಾತ್ರ ತಲಾ 3 ಹೆಚ್ಚು ಕೊಟ್ಟೆವು ಅಂದುಕೊಳ್ಳಿ. ಹೆಚ್ಚುವರಿ 60. ಸರಾಸರಿ 8 ಅಂದರೆ ಪ್ರತಿಯೊಂದರ ಮೇಲೂ 1 ಹೆಚ್ಚು. 60ನ್ನು 1ರಿಂದ ಭಾಗಿಸಿದರೆ 60. ಬಾಯಲ್ಲೇ ಮುಗಿಯಿತು ಅಲ್ವಾ?

ಮೂರು ಹಂತ ಕೊಟ್ಟು ನೋಡೋಣ. ಮೊದಲ 10ಕ್ಕೆ ತಲಾ 12, ಮುಂದಿನ 20ಕ್ಕೆ ತಲಾ 9, ಉಳಿದದ್ದಕ್ಕೆ 6. ಸರಾಸರಿ 7.5. ತಳ 6. ಮೊದಲ ಹಂತದ ಹೆಚ್ಚುವರಿ 60, ಎರಡನೆಯದರದ್ದೂ 60, ಒಟ್ಟು 120. ಅದನ್ನು 1.5ರಿಂದ ಭಾಗಿಸಿದರೆ 80. ದರ ಏರುತ್ತಾ ಹೋಗುವ ಲೆಕ್ಕದಲ್ಲೂ ಇದೇ, ಹೆಚ್ಚುವರಿಯ ಬದಲು ಕೊರತೆ ಲೆಕ್ಕ ಹಾಕಬೇಕು. ನಿಗದಿತ ಶುಲ್ಕ ಬಂದರಂತೂ ಇನ್ನೂ ಸುಲಭ. ಶುಲ್ಕ 90, ಆಮೇಲೆ ಒಂದಕ್ಕೆ 4, ಸರಾಸರಿ 7. ಆ 90ನ್ನೇ ಹೆಚ್ಚುವರಿ ಅಂತ ಹಿಡಿದು 3ರಿಂದ ಭಾಗಿಸಿ, 30. ಅಲಿಗೇಶನ್ ಇಲ್ಲಿ ತಡಬಡಾಯಿಸುತ್ತದೆ. ಶುಲ್ಕಕ್ಕೆ ‘ಒಂದರ ದರ’ ಅಂತ ಏನೂ ಇರುವುದಿಲ್ಲವಲ್ಲ.

ಆದರೆ ಈ ದಾರಿಯಲ್ಲೂ ಒಂದು ಗುಂಡಿ ಇದೆ. ಅದೇ ಮೂರು ಹಂತದ ಲೆಕ್ಕದಲ್ಲಿ ಸರಾಸರಿ 10.5 ಅಂತ ಕೊಟ್ಟರೆ? 120ನ್ನು 4.5ರಿಂದ ಭಾಗಿಸಿದರೆ ಸುಮಾರು 26.7. ಅದು 30ಕ್ಕಿಂತ ಕಡಿಮೆ, ಅಂದರೆ ಮೂರನೇ ಹಂತಕ್ಕೆ ಕಾಲಿಟ್ಟೇ ಇಲ್ಲ. ಆಗ ತಳ 9 ಆಗಬೇಕು. ಹೆಚ್ಚುವರಿ 30, ಭಾಗಿಸುವುದು 1.5ರಿಂದ, ಉತ್ತರ 20. ಆದ್ದರಿಂದ ಪ್ರತಿ ಹಂತದ ಅಂಚಿನಲ್ಲಿ ಸರಾಸರಿ ಎಷ್ಟು ಅಂತ ಮೊದಲೇ ನೋಡಿಕೊಳ್ಳುತ್ತೇನೆ. 10ರಲ್ಲಿ ಅದು 12, 30ರಲ್ಲಿ 10. ಕೊಟ್ಟ ಸರಾಸರಿ ಇವೆರಡರ ನಡುವೆ ಇದ್ದರೆ ಎರಡನೇ ಹಂತ. ಸಮೀಕರಣ ಬರೆಯುವವರಿಗೂ ಈ ಪರೀಕ್ಷೆ ತಪ್ಪಿದ್ದಲ್ಲ.

ಸಮೀಕರಣಕ್ಕೆ ಬೆಲೆ ಬರುವುದು ಎರಡು ಬಿಲ್ ಹೋಲಿಸುವಾಗ. ಮೊದಲ ಉದಾಹರಣೆಯ ದರದಲ್ಲೇ, 20ಕ್ಕಿಂತ ಜಾಸ್ತಿ ಕೊಂಡ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗಿಂತ 30 ಹೆಚ್ಚು ಕೊಂಡರು, ಅವರ ಸರಾಸರಿ 1 ಕಡಿಮೆ ಬಂತು ಅನ್ನಿ. ಒಂದರ ಮೇಲಿನ ಹೆಚ್ಚುವರಿ ಅಂದರೆ 60 ಭಾಗಿಸು ಎನ್. ಅದನ್ನು ಬಳಸಿ ವರ್ಗ ಸಮೀಕರಣ ಬರೆದರೆ ಎನ್ 30, ಮತ್ತೊಬ್ಬರದು 60. ಸರಾಸರಿ 9 ಮತ್ತು 8. ಇಂಥ ಕಡೆ ಬಾಯಿಲೆಕ್ಕದ ಹಟ ಬೇಡ. ಆಯ್ಕೆಗಳಿದ್ದರೆ ಅವನ್ನೇ ಹಾಕಿ ನೋಡುವುದು ಇನ್ನೂ ಬೇಗ.

ಯಾವ ದಾರಿ ಹಿಡಿದರೂ ಪ್ರಶ್ನೆಯ ಒಂದು ಪದ ಎಲ್ಲವನ್ನೂ ತಲೆಕೆಳಗು ಮಾಡಬಹುದು. ‘50 ದಾಟಿದರೆ ಎಲ್ಲಕ್ಕೂ 8’ ಅಂದರೆ ಅದು ಹಂತ ದರವೇ ಅಲ್ಲ. 50ಕ್ಕೆ ತಲಾ 10ರಂತೆ 500 ಆದರೆ, 51ಕ್ಕೆ ಬರೀ 408. ಹಾಗೆಯೇ 30ನ್ನು ಎರಡು ಸಲ ಬೇರೆ ಬೇರೆ ಬಿಲ್‌ನಲ್ಲಿ ಕೊಂಡರೆ ಹಂತ ಮತ್ತೆ ಮೊದಲಿಂದ ಶುರು. ನಮ್ಮ ಮೊದಲ ಉದಾಹರಣೆಯಲ್ಲಿ ಸರಾಸರಿ 8ರ ಬದಲು 9 ಬರುತ್ತದೆ.

ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಡೇಟಾ ಸಫಿಷಿಯೆನ್ಸಿ ಪ್ರಶ್ನೆಗಳಲ್ಲಿ ಉತ್ತರವೇ ಬೇಡ, ಕೊಟ್ಟ ಮಾಹಿತಿ ಸಾಕಾ ಅಂತ ಹೇಳಿದರೆ ಆಯಿತು. ಅಲ್ಲಿ ಹೆಚ್ಚುವರಿ ದಾರಿ ನೋಡಿದ ತಕ್ಷಣ ತೀರ್ಪು ಕೊಡುತ್ತದೆ. ಮೊದಲ ಉದಾಹರಣೆಯಲ್ಲಿ ಸರಾಸರಿ 10ಕ್ಕಿಂತ ಕಡಿಮೆ ಅಂತ ನಿಖರ ಸಂಖ್ಯೆ ಕೊಟ್ಟಿದ್ದರೆ ಉತ್ತರ ಒಂದೇ, ಮಾಹಿತಿ ಸಾಕು. ಸರಾಸರಿ ಸರಿಯಾಗಿ 10 ಅಂದಿದ್ದರೆ 1ರಿಂದ 20ರ ತನಕ ಯಾವುದೂ ಆಗಬಹುದು, ಸಾಲದು.