‘ನಾನು’ ಎಲ್ಲಿ ಹೋದ? ಕುವೆಂಪು ಅವರ ಮೂರು ಪುಸ್ತಕಗಳ ಜೊತೆ ಓದು

ಪ್ರಬಂಧಕಾರ ಬದುಕನ್ನು ತೋರಿಸುವ ರೀತಿಯೇ ಬೇರೆ, ಕಾದಂಬರಿಕಾರ ತೋರಿಸುವ ರೀತಿಯೇ ಬೇರೆ. ಅದನ್ನು ಕಣ್ಣಾರೆ ನೋಡಲು ಇಬ್ಬರು ಲೇಖಕರನ್ನು ಪಕ್ಕಪಕ್ಕ ಇಟ್ಟರೆ ಲೆಕ್ಕ ತಪ್ಪುತ್ತದೆ. ಯಾವುದು ಮನುಷ್ಯನ ಸ್ವಭಾವ, ಯಾವುದು ಪ್ರಕಾರದ ಗುಣ ಎನ್ನುವುದು ಕಲಸಿಹೋಗುತ್ತದೆ. ಈ ತೊಡಕಿಲ್ಲದ ಸೆಟ್ ಕನ್ನಡದಲ್ಲೇ ಇದೆ: ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936), ‘ಮಲೆಗಳಲ್ಲಿ ಮದುಮಗಳು’ (1967). ಅದೇ ಕೈ, ಅದೇ ಕಾಡು, ಅದೇ ಮಳೆ.

ಮೊದಲನೆಯದು ಪ್ರಬಂಧಗಳ ಸಂಕಲನ. ಇಲ್ಲಿ ‘ನಾನು’ ಎಂಬಾತ ಪುಟ ಬಿಟ್ಟು ಕದಲುವುದಿಲ್ಲ. ‘ಅಜ್ಜಯ್ಯನ ಅಭ್ಯಂಜನ’ವನ್ನೇ ತೆಗೆದುಕೊಳ್ಳಿ. ಎಣ್ಣೆ, ಬಿಸಿನೀರು ಇಷ್ಟೇ ಸರಕು; ಇದರಲ್ಲಿ ಕಥೆ ಎನ್ನುವಂಥದ್ದೇನೂ ಇಲ್ಲ. ಪ್ರಬಂಧ ನಿಲ್ಲುವುದು ಹೇಳುವವನ ದನಿಯ ಮೇಲೆ. ಸಣ್ಣದನ್ನು ಬೇಕೆಂದೇ ದೊಡ್ಡದು ಮಾಡುವುದು, ನಡುವೆ ದಾರಿ ತಪ್ಪಿಸಿಕೊಳ್ಳುವುದು, ತನ್ನನ್ನೇ ಗೇಲಿ ಮಾಡಿಕೊಳ್ಳುವುದು, ಇವೆಲ್ಲ ಆ ದನಿಗೆ ಸಲ್ಲುವ ಸಲಿಗೆಗಳು. ದನಿ ಹಿಡಿಸದಿದ್ದರೆ ಪುಸ್ತಕವೂ ಹಿಡಿಸುವುದಿಲ್ಲ, ಬೇರೆ ಆಸರೆ ಇಲ್ಲ. ಒಂದೇ ಕೂತಿಗೆ ನಾಲ್ಕೈದು ಪ್ರಬಂಧ ಓದಿದರೆ ನಗೆ ಸವೆಯುತ್ತದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು.

ವ್ಯತ್ಯಾಸ ಹಿಡಿಯಲು ಒಂದು ಸುಲಭ ಪರೀಕ್ಷೆಯಿದೆ. ‘ನಾನು’ ಮತ್ತು ‘ಎಂದು’ ಎಂಬ ಎರಡು ಪದಗಳ ಮೇಲೆ ಕಣ್ಣಿಡಿ. ಮಳೆಯಲ್ಲಿ ಹೊರಡಲಾರದೆ ನಿಂತವನೊಬ್ಬನಿದ್ದಾನೆ ಎಂದುಕೊಳ್ಳಿ. ಪ್ರಬಂಧಕಾರನ ವಾಕ್ಯ ಹೀಗೆ ಬರಬಹುದು: ‘ಮಳೆಯಲ್ಲಿ ಹೊರಟವನ ಸಂಕಟ ನನಗೆ ಗೊತ್ತು, ಹೊರಡದೆ ಉಳಿದವನದು ಇನ್ನೂ ಚೆನ್ನಾಗಿ ಗೊತ್ತು.’ ಎಳಸು ಕಾದಂಬರಿಕಾರ ‘ಹೊರಡಲೋ ಬೇಡವೋ ಎಂದು ಅವನು ಯೋಚಿಸಿದನು’ ಎಂದು ಬರೆದು ಮುಗಿಸುತ್ತಾನೆ. ಪಳಗಿದವನು ‘ಎಂದು’ವನ್ನೇ ಕಿತ್ತುಹಾಕುತ್ತಾನೆ: ‘ಅವನು ಜಗುಲಿಯಂಚಿಗೆ ಬಂದ. ಈಗಲೇ ಹೊರಟರೆ ಹಳ್ಳ ದಾಟಬಹುದು. ಹಾಳಾದ ಕಂಬಳಿ ಎಲ್ಲಿ?’ ಕೊನೆಯ ಎರಡು ವಾಕ್ಯ ಲೇಖಕನವೋ ಪಾತ್ರದವೋ? ಗೆರೆ ಅಳಿಸಿದೆ. ಪ್ರಬಂಧದಲ್ಲಿ ಈ ಗೆರೆ ಅಳಿಸುವ ಪ್ರಶ್ನೆಯೇ ಇಲ್ಲ, ಮಾತಾಡುವವನು ಒಬ್ಬನೇ ತಾನೆ.

‘-ಅಂತೆ’ ಪ್ರತ್ಯಯದ್ದೂ ಇದೇ ಕಥೆ. ‘ಅಲ್ಲಿ ದೆವ್ವ ಇದೆಯಂತೆ’ ಎಂಬ ಮಾತು ಪ್ರಬಂಧಕ್ಕೆ ಬಂದರೆ ಬರೆಯುವವನು ಅದನ್ನು ನಂಬುತ್ತಾನೆ, ಇಲ್ಲವೇ ನಗುತ್ತಾನೆ. ತೀರ್ಪು ಅಲ್ಲೇ ಆಗಿಬಿಡುತ್ತದೆ. ಕಾದಂಬರಿಯಲ್ಲಿ ಆ ‘ಅಂತೆ’ ಕೈಯಿಂದ ಕೈಗೆ ದಾಟಿ ಒಬ್ಬಳ ಮದುವೆ ಮುರಿಯಬಲ್ಲದು.

‘ಕಾನೂರು ಹೆಗ್ಗಡಿತಿ’ ಎರಡರ ನಡುವೆ ಸಿಕ್ಕಿಕೊಂಡಿದೆ. ಪ್ರಬಂಧಗಳ ‘ನಾನು’ ಕಾದಂಬರಿಯ ನಾಯಕ ಹೂವಯ್ಯನ ವೇಷ ತೊಟ್ಟು ಒಳಬಂದಂತೆ ಅನೇಕ ಕಡೆ ಅನಿಸುತ್ತದೆ. ಅವನ ಚಿಂತನೆ, ನಿಸರ್ಗದ ಮುಂದಿನ ಮೈಮರೆವು ಬಂದಾಗಲೆಲ್ಲ ವಾಕ್ಯ ಉದ್ದವಾಗುತ್ತದೆ, ಸಂಸ್ಕೃತ ಸಮಾಸಗಳು ತುಂಬುತ್ತವೆ, ಕಥೆ ಕಾಯುತ್ತಾ ನಿಲ್ಲುತ್ತದೆ. ಬಿಡಿಯಾಗಿ ಓದಿದರೆ ಆ ಭಾಗಗಳು ಸೊಗಸಾದ ಪ್ರಬಂಧಗಳೇ. ಹೆಗ್ಗಡಿತಿ ಸುಬ್ಬಮ್ಮನ ಪಾಡು ಹಿಡಿದು ಓಡುತ್ತಿರುವ ಓದುಗನಿಗೆ ಮಾತ್ರ ಅಡ್ಡಗಾಲು. ಸುಬ್ಬಮ್ಮ, ಅವಳ ಗಂಡ ಚಂದ್ರಯ್ಯಗೌಡರು ಎದುರುಬದುರಾದರೆ ಸಾಕು, ಪುಸ್ತಕಕ್ಕೆ ಜೀವ ಬರುತ್ತದೆ.

31 ವರ್ಷಗಳ ನಂತರದ ‘ಮದುಮಗಳು’ವಿನಲ್ಲಿ ಹೂವಯ್ಯನಂಥ ವಕ್ತಾರ ಕೇಂದ್ರದಲ್ಲಿಲ್ಲ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಮೊದಲೇ ಸಾರಿಕೊಂಡ ಕೃತಿ ಇದು. ಆ ಮಾತು ಬರೀ ಘೋಷಣೆಯಾಗಿ ಉಳಿಯುವುದಿಲ್ಲ, ಶೈಲಿಯನ್ನೇ ಆಳುತ್ತದೆ. ಜೀತದಾಳು ಗುತ್ತಿಯ ನಾಯಿ ಹುಲಿಯನಿಗೂ ಹೆಗ್ಗಡೆಗಳಷ್ಟೇ ಗಮನ ಸಲ್ಲುತ್ತದೆ. ತುಂಗೆಯ ಪ್ರವಾಹದಲ್ಲಿ ಅದು ಕೊಚ್ಚಿಹೋಗುವಾಗ ನಮಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೇ. ಅದೇ ನಾಯಿ ಪ್ರಬಂಧಕ್ಕೆ ಬಂದಿದ್ದರೆ ಯಾರದೋ ನೆನಪಿನ ನಾಯಿಯಾಗಿ ಬರುತ್ತಿತ್ತು.

ತೊಂದರೆಯೂ ಇಲ್ಲಿಂದಲೇ ಶುರು. ಕೈಹಿಡಿದು ನಡೆಸುವ ‘ನಾನು’ ಇಲ್ಲದ್ದರಿಂದ ಮೊದಲ ನೂರು ಪುಟಗಳಲ್ಲಿ ಹಲವರು ಪುಸ್ತಕ ಮಡಚಿಡುತ್ತಾರೆ. ಒಂದು ಹಾಳೆ ತೆಗೆದುಕೊಂಡು ಕಾದಂಬರಿಯಲ್ಲಿ ಬರುವ ಊರು-ಮನೆಗಳಾದ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ ಎಂದು ಐದು ಕಲಂ ಹಾಕಿ. ಹೆಸರು ಬಂದ ಹಾಗೆ ಒಡೆಯರನ್ನು ಮೇಲೆ, ಆಳುಗಳನ್ನು ಕೆಳಗೆ ಬರೆಯಿರಿ. ಯಾರು ಯಾರಿಗೆ ಏನಾಗಬೇಕು ಎಂದು ಬಾಣದ ಗುರುತು ಹಾಕಿ. ಸಂಭಾಷಣೆಯ ಆಡುಮಾತು ತೊಡಕಾದರೆ ಗಟ್ಟಿಯಾಗಿ ಓದಿ, ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ.

ಓದುವ ಕ್ರಮ: ಮೊದಲು ಪ್ರಬಂಧಗಳು, ಆಮೇಲೆ ‘ಮದುಮಗಳು’, ಕೊನೆಗೆ ‘ಕಾನೂರು’. ಪ್ರಕಟವಾದ ಕ್ರಮ ಇದಲ್ಲ, ನಿಜ. ಆದರೆ ಎರಡು ತುದಿಗಳನ್ನು ನೋಡಿ ಬಂದರೆ ‘ಕಾನೂರಿ’ನಲ್ಲಿ ಪ್ರಬಂಧಕಾರ ಯಾವ ಪುಟದಲ್ಲಿ ತಲೆಹಾಕಿದ, ಯಾವ ಪುಟದಲ್ಲಿ ಎದ್ದುಹೋದ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಬಹುದು.