ಹುಲ್ಹುಮಾಲೆ: ಒಂದು ರಾತ್ರಿ ತಂಗಲು ಸಾಕು

ಮಾಲ್ಡೀವ್ಸ್‌ನ ಸೀಪ್ಲೇನ್‌ಗಳು (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನಗಳು) ಹಗಲಲ್ಲಷ್ಟೇ ಹಾರುತ್ತವೆ. ಹಾಗಾಗಿ ಸಂಜೆ ಬಂದಿಳಿದವರು ದೂರದ ರೆಸಾರ್ಟಿಗೆ ಹೋಗಲು ಬೆಳಗಿನವರೆಗೆ ಕಾಯಲೇಬೇಕು. ಅಂಥ ರಾತ್ರಿಗೆ ಹುಲ್ಹುಮಾಲೆಯೇ ಸರಿ: ಸಮುದ್ರಕ್ಕೆ ಮರಳು ತುಂಬಿಸಿ ಕಟ್ಟಿದ ದ್ವೀಪ, ವಿಮಾನ ನಿಲ್ದಾಣದಿಂದ ಬಸ್ಸಲ್ಲೋ ಟ್ಯಾಕ್ಸಿಯಲ್ಲೋ ಹೋಗಬಹುದು, ದೋಣಿ ಬೇಡ. ಪೂರ್ವ ದಂಡೆಯಲ್ಲೇ ಗೆಸ್ಟ್‌ಹೌಸ್ ಹಿಡಿಯಿರಿ, ಮರಳ ತೀರ ಅಲ್ಲಿದೆ. ತಿಂಡಿಗೆ ಮಸ್ ಹುನಿ ತಪ್ಪಿಸಬೇಡಿ. ಟ್ಯೂನಾ, ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿ ಕಲಸಿ, ಚಪಾತಿಯಂಥ ರೋಶಿ ಜೊತೆ ಕೊಡುತ್ತಾರೆ. ಬಲು ರುಚಿ. ಮಾಲ್ಡೀವ್ಸ್ ಮುಸ್ಲಿಂ ದೇಶ; ಇದು ರೆಸಾರ್ಟ್ ಅಲ್ಲ, ಜನವಸತಿಯ ದ್ವೀಪವಾದ್ದರಿಂದ ಮದ್ಯ ಸಿಗದು, ಮೈತುಂಬ ಬಟ್ಟೆ ಇರಲಿ.

ದೇಶದೊಳಗೆ ಬರುವ ಪ್ರಯಾಣಿಕರು ಆನ್‌ಲೈನ್‌ನಲ್ಲಿ ಕೊಡಬೇಕಾದ ಇಮುಗಾ ಅರ್ಜಿಯನ್ನು ವಿಮಾನಕ್ಕೆ ಮುಂಚಿನ 96 ಗಂಟೆಯೊಳಗೆ ತುಂಬಿ. ರಾಜಧಾನಿ ಮಾಲೆಯ ಸಮಯ ನಮಗಿಂತ 30 ನಿಮಿಷ ಹಿಂದೆ. ಕೆಲವು ರೆಸಾರ್ಟ್‌ಗಳು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಡುತ್ತವೆ. ಸೀಪ್ಲೇನ್ ಹೊತ್ತು ಯಾವ ಗಡಿಯಾರದ್ದೆಂದು ಮೊದಲೇ ಕೇಳಿಕೊಳ್ಳಿ.