ಮೊದಲ ಶಿಲ್ಪಕ್ಕೆ ಯಾವುದು: ಜೇಡಿಮಣ್ಣೋ, ಪೇಪರ್ ಮ್ಯಾಶೆಯೋ, ಸೋಪೋ?

ಮೊದಲ ಸಲ ಕೈ ಹಾಕುವವರಿಗೆ ನನ್ನ ಆಯ್ಕೆ ಜೇಡಿಮಣ್ಣು. ಆಕಾರ ಕೆಟ್ಟರೆ ಮುದ್ದೆ ಮಾಡಿ ಮತ್ತೆ ಶುರು ಮಾಡಬಹುದು, ಅಲ್ವಾ? ಕಷ್ಟ ಇರುವುದು ಜೋಡಿಸುವಲ್ಲಿ. ಗಣಪನ ಸೊಂಡಿಲನ್ನು ಸುಮ್ನೆ ಅಂಟಿಸಿದರೆ ಒಣಗುವಾಗ ಕಳಚಿಕೊಳ್ಳುತ್ತದೆ. ಎರಡೂ ಕಡೆ ಕಡ್ಡಿಯಿಂದ ಗೀರಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದ ಮಣ್ಣು ಸವರಿ, ಒತ್ತಿ ಕೂರಿಸಬೇಕು. ಮೂರ್ತಿ ದಪ್ಪವಿದ್ದರೆ ಒಳಗೆ ಟೊಳ್ಳು ಮಾಡಿ. ನೆರಳಲ್ಲೇ ನಿಧಾನವಾಗಿ ಒಣಗಲಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಸುಡದ ಮಣ್ಣು ನೀರಲ್ಲಿ ಕರಗುತ್ತದೆ. ಗಣೇಶನ ಹಬ್ಬಕ್ಕಾದರೆ ಅದೇ ಒಳ್ಳೆಯದು, ಹೂದಾನಿಗೆ ಆಗುವುದಿಲ್ಲ.

ಮುಖವಾಡ ಅಥವಾ ದೊಡ್ಡ ಪ್ರಾಣಿ ಮಾಡುವ ಆಸೆಯಿದ್ದರೆ ಪೇಪರ್ ಮ್ಯಾಶೆ ನೋಡಿ. ಹಳೇ ಪತ್ರಿಕೆ, ಮೈದಾ ಅಂಟು, ಒಂದು ಬಲೂನು ಇದ್ದರೆ ಸಾಕು. ಅಂಟು ಸವರಿದ ಕಾಗದದ ಚೂರುಗಳನ್ನು ಬಲೂನಿನ ಮೇಲೆ ಪದರ ಪದರವಾಗಿ ಅಂಟಿಸುವುದು. ತುಂಬಾ ಹಗುರ, ಗೋಡೆಗೂ ತೂಗುಹಾಕಬಹುದು. ಆದರೆ ಪದರಗಳು ಒಣಗುವವರೆಗೆ ಕಾಯುವ ತಾಳ್ಮೆ ಬೇಕು. ಮಳೆಗಾಲದಲ್ಲಿ ಬೂಷ್ಟಿನ ಕಾಟ ಜಾಸ್ತಿ. ಮೂಗು, ತುಟಿಯಂಥ ಸೂಕ್ಷ್ಮ ಭಾಗಗಳೂ ಮಣ್ಣಿನಷ್ಟು ಚೂಪಾಗಿ ಬರುವುದಿಲ್ಲ.

ಸೋಪು ಬೇರೆಯೇ ದಾರಿ. ಇಲ್ಲಿ ಕೆತ್ತಿ ತೆಗೆಯುವುದಷ್ಟೇ, ತೆಗೆದದ್ದನ್ನು ಮತ್ತೆ ಸೇರಿಸುವಂತಿಲ್ಲ. ಮುಂದೆ ಕಲ್ಲು, ಮರ ಕೆತ್ತುವ ಮನಸ್ಸಿದ್ದರೆ ಇಲ್ಲಿಂದಲೇ ಶುರು ಮಾಡಿ. ಹೊಸ ಸೋಪನ್ನೇ ತಗೊಳ್ಳಿ, ಒಣಗಿದ ಹಳೇದು ಚೂರಾಗಿ ಸಿಡಿಯುತ್ತದೆ.